ಹಳೇ ಮನೆ ಪೋರ್ಟಿಕೊ ಸೋರುತ್ತಿದೆ: ಟಾರ್ ಶೀಟ್‌ಗೆ ತೇಪೆ ಹಾಕಿಸಲಾ, ಪೂರ್ತಿ ಕೀಳಿಸಲಾ?

ಕೇಳಿದವರು, ಮೈಸೂರು: ತಂದೆ 1968ರಲ್ಲಿ ಕಟ್ಟಿಸಿದ ಮನೆ. ಪೋರ್ಟಿಕೊ ಮೇಲೆ ಆರ್‌ಸಿಸಿ, 10×12 ಅಡಿ. ಅದರ ಮೇಲಿನ ಟಾರ್ ಶೀಟ್ ಬಿಸಿಲಿಗೆ ಬಿರುಕು ಬಿಟ್ಟಿದೆ, ಪ್ಯಾರಪೆಟ್ ಬುಡದಲ್ಲಿ ಎದ್ದಿದೆ. ಮಳೆ ಬಂದರೆ ಮೂಲೆಯೆಲ್ಲ ಒದ್ದೆ. ತೇಪೆ ಸಾಕಾ? ಮಾಡಿಸಿದವರು ಅನುಭವ ಹೇಳಿ.

ಬಸವನಗುಡಿ ಹಳೇ ಮನೆ: ತೇಪೆ ಮಾತ್ರ ಬೇಡ. ನಮ್ಮ ಹಿಂದಿನ ಕೋಣೆ ಮೇಲೂ ಇದೇ ಶೀಟ್ ಇತ್ತು. ಮೊದಲ ತೇಪೆಗೆ 4,500 ಕೊಟ್ಟೆ. ಮುಂದಿನ ಮಳೆಗಾಲ ಪಕ್ಕದಲ್ಲೇ ಸೋರಿತು, ಮತ್ತೆ 6,000. ಆಮೇಲೆ ಒಬ್ಬ ಕಂಟ್ರಾಕ್ಟರ್ ಹಳೇ ಶೀಟ್ ಮೇಲೇ ಬಿಳಿ ಪೇಂಟ್ ಬಳಿದು 18,000 ತಗೊಂಡ. ಹತ್ತು ವರ್ಷ ಗ್ಯಾರಂಟಿ ಅಂತ ಬರೆದುಕೊಟ್ಟಿದ್ದ. ಒಳಗೆ ಪಸೆ ಇತ್ತು, ಹಪ್ಪಳದ ಥರ ಉಬ್ಬಿತು. ಅವನು ಫೋನೇ ಎತ್ತಲಿಲ್ಲ. ಕೊನೆಗೆ ಎಲ್ಲ ಕೀಳಿಸಿದೆ. ಕೂಲಿ 5,200. ಟಾರ್ ಕಸ ಒಯ್ಯೋಕೆ ಯಾರೂ ಒಪ್ಪಲಿಲ್ಲ, ಟೆಂಪೊಗೆ ಬೇರೆ 2,500. ಎಪಿಪಿ ಮೆಂಬ್ರೇನ್ (ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಅಂಟಿಸೋ ಟಾರ್ ಹಾಳೆ) 4 ಎಂಎಂ, ಪ್ರೈಮರ್, ಗ್ಯಾಸ್, ಕೂಲಿ ಸೇರಿ ಚದರಡಿಗೆ 95. ಅಂಚನ್ನು ಪ್ಯಾರಪೆಟ್ ಮೇಲೆ ಒಂದಡಿ ಹತ್ತಿಸಿ, ಗೋಡೆ ಕೊರೆದು ಒಳಗೆ ಸೇರಿಸಿ, ಸಿಮೆಂಟ್ ಮೆತ್ತಿಸಿದೆ. ಆಮೇಲೆ ಒಂದು ಹನಿ ಇಳಿದಿಲ್ಲ.

ಗಾರೆ ಮನೆ, ಚಾಮರಾಜಪೇಟೆ: ಈ ಟಾರ್ ಸಹವಾಸವೇ ಯಾಕ್ರೀ? ನಮ್ಮದು ಮದ್ರಾಸ್ ತಾರಸಿ. ತೇಗದ ಜಂತೆ, ಅದರ ಮೇಲೆ ಓರೆಯಾಗಿ ನಿಲ್ಲಿಸಿದ ಇಟ್ಟಿಗೆ, ಮೇಲೆ ಇಟ್ಟಿಗೆ ಚೂರಿನ ಗಾರೆ. ಒಂದು ಭಾಗ ಸೋರಿದಾಗ ಎಲ್ಲರೂ ಕೆಡವಿ ಆರ್‌ಸಿಸಿ ಹಾಕಿಸು ಅಂದರು. ನಾನು ಒಪ್ಪಲಿಲ್ಲ. ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಯನ್ನೇ ಹುಡುಕಿದೆ. ಅಳಲೆಕಾಯಿ, ಬೆಲ್ಲ ಕೊಳೆಸಿದ ನೀರು ಚಿಮುಕಿಸುತ್ತಾ ಹೆಂಗಸರು ಸಾಲಾಗಿ ಕೂತು ಕೊಡತಿಯಲ್ಲಿ ಬಡಿದರು. ಕೊಡತಿ ಪುಟಿದು ಕೈಗೆ ವಾಪಸ್ ಬರೋ ತನಕ ಬಡಿಯಬೇಕು. 500 ಚದರಡಿಗೆ 1,60,000 ಆಯ್ತು. ದುಬಾರಿಯೇ. ಆದರೆ ಏಪ್ರಿಲ್‌ನಲ್ಲೂ ಕೆಳಗೆ ತಂಪು.

ನಿವೃತ್ತ ಎಂಜಿನಿಯರ್, ಹಾಸನ: ಗಾರೆಯವರೇ, ಅವರು ಕೇಳಿದ್ದು ಆರ್‌ಸಿಸಿ ಬಗ್ಗೆ. ನಾಲ್ಕಿಂಚು ಗಾರೆ ಹಾಕಿದರೆ 120 ಚದರಡಿಗೆ ಸುಮಾರು ಎರಡು ಟನ್ ಭಾರ. 1968ರ ಸ್ಲ್ಯಾಬ್ ಮೇಲೆ ಅದನ್ನು ಹೇರುತ್ತೀರಾ? ಮೊದಲು ಕೆಳಗಿನಿಂದ ನೋಡಬೇಕು. ಪ್ಲಾಸ್ಟರ್ ಉದುರಿ ತುಕ್ಕು ಹಿಡಿದ ಕಂಬಿ ಕಂಡರೆ ಮೆಂಬ್ರೇನೂ ವೇಸ್ಟ್. ನನ್ನ ಮನೆಯಲ್ಲಿ ನೂರಕ್ಕೆ ಒಂದರಂತೆ ಇಳಿಜಾರು ಕೊಡಿಸಿದೆ. ಹನ್ನೆರಡು ಅಡಿಗೆ ಒಂದೂವರೆ ಇಂಚು. ನೀರಿನ ಕಂಡಿ ಮುಚ್ಚಿ 48 ಗಂಟೆ ನೀರು ನಿಲ್ಲಿಸಿ, ಸೋರದಿದ್ದ ಮೇಲೇ ಬಾಕಿ ದುಡ್ಡು ಕೊಟ್ಟೆ.

ಗಾರೆ ಮನೆ, ಚಾಮರಾಜಪೇಟೆ: ನಾನು ಅವರ ಪೋರ್ಟಿಕೊಗೆ ಗಾರೆ ಹಾಕಿ ಅಂದೆನಾ? ನಮ್ಮ ಬೀದಿಯ ಗಟ್ಟಿಮುಟ್ಟಾದ ತಾರಸಿಗಳನ್ನೆಲ್ಲ ಅಪಾಯ ಅಂತ ಬರೆದುಕೊಟ್ಟು ಕೆಡವಿಸಿದ್ದು ನಿಮ್ಮಂಥ ಎಂಜಿನಿಯರ್‌ಗಳೇ.

ನಿವೃತ್ತ ಎಂಜಿನಿಯರ್, ಹಾಸನ: ಜಂತೆ ತುದಿ ಗೋಡೆಯೊಳಗೆ ಗೆದ್ದಲು ತಿಂದು ಟೊಳ್ಳಾಗಿದ್ದು ನಾನು ಕಣ್ಣಾರೆ ನೋಡಿದ್ದೇನೆ. ಹಳೇದು ಅಂದ ಮಾತ್ರಕ್ಕೆ ಗಟ್ಟಿ ಅಲ್ಲ.

ತೀರ್ಥಹಳ್ಳಿ ಸೊಸೆ: ನಮ್ಮ ಮಳೆಗೆ ಇದ್ಯಾವುದೂ ನಿಲ್ಲಲ್ಲ. ಮೆಂಬ್ರೇನ್ ಹಾಕಿಸಿಯೂ ಜುಲೈ ಪೂರ್ತಿ ಬಕೆಟ್ ಇಟ್ಟಿದ್ದೇವೆ. ಈಗ ಮೇಲೆ ಕಬ್ಬಿಣದ ಪೈಪ್ ನಿಲ್ಲಿಸಿ ತಗಡಿನ ಮಾಡು. ಚದರಡಿಗೆ 310. ಮಂಗಗಳು ಕುಣಿದು ಎರಡು ಶೀಟ್ ಬಗ್ಗಿಸಿದವು, ಅದಕ್ಕೆ 5,800 ದಂಡ. ಆದರೂ ಅಡಿಕೆ ಒಣಗಿಸೋಕೆ ಜಾಗ ಆಯ್ತು.

ಬಸವನಗುಡಿ ಹಳೇ ಮನೆ: ತಗಡಿನ ಶೀಟ್ ಮಾತ್ರ ಯಾರಿಗೂ ಹೇಳಬೇಡಿ ಮೇಡಂ. ನಮ್ಮ ಪಕ್ಕದವರು ಹಾಗೇ ಹಾಕಿಸಿ ನೀರೆಲ್ಲ ನಮ್ಮ ಗೋಡೆಗೆ ಬಿಟ್ಟಿದ್ದಾರೆ. ಹೊಸ ಪೇಂಟ್‌ಗೆ ಕೊಟ್ಟ 32,000 ನೀರುಪಾಲು.

ತೀರ್ಥಹಳ್ಳಿ ಸೊಸೆ: ನಿಮ್ಮ ಪಕ್ಕದವರ ಸಿಟ್ಟು ನನ್ನ ಮೇಲೆ ಯಾಕೆ ಸರ್? ನಾವು ಮಾಡಿನ ಅಂಚಿಗೆ ನೀರು ಹಿಡಿಯೋ ದಂಬೆ ಕಟ್ಟಿಸಿ ನೀರನ್ನು ನಮ್ಮ ಬಾವಿಗೇ ಬಿಟ್ಟಿದ್ದೇವೆ. ಅಡಿಗೆ 280 ಕೊಟ್ಟು.

ಬಸವನಗುಡಿ ಹಳೇ ಮನೆ: ನಿಮಗೆ ಬಾವಿ ಇದೆ. ಇಲ್ಲಿ ಎರಡು ಗೋಡೆ ನಡುವೆ ಮೂರಡಿ ಜಾಗ. ದಂಬೆ ಕಟ್ಟಿಸಿ ಅಂತ ಕೇಳಿದ್ದಕ್ಕೆ ಪಕ್ಕದವರು ಮಾತೇ ಬಿಟ್ಟರು.