ನಮ್ಮ ಓಣಿ ಗಟಾರದ ಪುಣ್ಯ

"ಬಂತು ನೋಡು, ರಾಘಣ್ಣ" ಎನ್ನುತ್ತ ವಾಸಣ್ಣ ಕಟ್ಟೆಯ ಮೇಲೆ ಡಬ್ಬಿ ಇಟ್ಟ.

ಪ್ಲಾಸ್ಟಿಕ್ ಡಬ್ಬಿ. ಏಳು ಮನೆ, ಏಳು ಮುಚ್ಚಳ, ಒಂದೊಂದರ ಮೇಲೂ ಒಂದೊಂದು ವಾರದ ಹೆಸರು. ರವಿವಾರದ ಮುಚ್ಚಳ ಎತ್ತಿದರೆ ಒಳಗೆ ಐದು ಗುಳಿಗೆ. ಒಂದು ಕೆಂಪು, ಒಂದು ಹಳದಿ, ಎರಡು ಬಿಳಿ. ಐದನೆಯದು ಎಣ್ಣೆ ತುಂಬಿದ್ದು, ಬಂಗಾರದ ಬಣ್ಣ. ರಾಘಣ್ಣ ಅದನ್ನು ಬೆರಳ ತುದಿಯಲ್ಲಿ ಹಿಡಿದು ಬೆಳಕಿಗೆ ನೋಡಿದ. ಎದುರು ಮನೆಯ ತೆಂಗಿನಮರ ಅದರೊಳಗೆ ತಲೆಕೆಳಗಾಗಿ ನಿಂತಿತ್ತು.

"ಚಲೋ ಇದೆ. ಅಳಗುಳಿಮಣೆಗೂ ಏಳೇ ಮನೆ. ಇನ್ನೊಂದು ಡಬ್ಬಿ ತರಿಸು, ಎದುರುಬದುರು ಕೂತು ಆಡೋಣ."

"ನಿನಗೆ ಎಲ್ಲಾ ಚೇಷ್ಟೆ. ನನಗೆ ಸುಸ್ತು, ಮಾರಾಯ. ಬೆಳಗ್ಗೆ ಏಳುವಾಗ ಸುಸ್ತು. ಮಧ್ಯಾಹ್ನ ಎರಡು ತಾಸು ಮಲಗಿ ಎದ್ದರೆ ಇನ್ನೂ ಸುಸ್ತು."

"ಹಾಗಾದರೆ ರೋಗ ಇರೋದು ಏಳೋದರಲ್ಲಿ."

ಹೊಸ್ತಿಲ ಹತ್ತಿರ ವಾಸಣ್ಣನ ಹೆಂಡತಿ ಇಂದಕ್ಕ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದರು. ನಕ್ಕರೋ ಇಲ್ಲವೋ ತಿಳಿಯಲಿಲ್ಲ. ಕುರುಂ ಎಂದು ಏನೋ ಸದ್ದಾಯಿತು, ಅಷ್ಟೇ.

"ಈ ಕೆಂಪಿನದು ಏನು?"

"ವಿಟಮಿನ್ ಬಿ 12. 1500 ಮೈಕ್ರೋಗ್ರಾಂ. ಮೀನು ಮೊಟ್ಟೆ ಮುಟ್ಟದ ನಮ್ಮಂಥವರಿಗೆ ಅದು ಕಡಿಮೆ ಇರ್ತದಂತೆ. ಎಲ್ಲರೂ ಹೇಳ್ತಾರೆ."

"ಹೇಳೋದೇನೋ ಖರೆ. ಸೊಪ್ಪು, ಕಾಳಿನಲ್ಲಿ ಅದು ಇಲ್ಲ. ಆದರೆ ಹಾಲು, ಮೊಸರಿನಲ್ಲಿ ಇದೆ. ನೀನು ದಿನಕ್ಕೆ ಮೊಸರು ಎಷ್ಟು ಹೊಡೀತೀಯ?"

"ಅರ್ಧ ಲೀಟರ್" ಎಂದು ಹೊಸ್ತಿಲಿಂದ ಉತ್ತರ ಬಂತು.

"ರಕ್ತ ತೋರಿಸಿದೆಯಾ?"

"ರಕ್ತ ಯಾಕೆ? ಸುಸ್ತಾಗೋದು ನನಗೇ ಗೊತ್ತಾಗ್ತದಲ್ಲ."

ರಾಘಣ್ಣ ಲೆಕ್ಕಕ್ಕೆ ಕೂತ. "ಒಬ್ಬ ಮನುಷ್ಯನಿಗೆ ದಿನಕ್ಕೆ ಬೇಕಾದದ್ದು 2 ಮೈಕ್ರೋಗ್ರಾಂ, ಚೂರು ಮೇಲೆ. ನೀನು ನುಂಗೋದು 1500. ಹೆಚ್ಚುಕಡಿಮೆ ಎರಡು ವರ್ಷದ ರೇಷನ್ನು, ಒಂದೇ ಗುಟುಕಿಗೆ."

"ಒಳ್ಳೇದೇ ಅಲ್ವಾ? ಕೂಡಿಟ್ಟ ಹಾಗಾಯಿತು."

"ಎಲ್ಲಿ ಕೂಡಿಡ್ತೀಯ? ಬಿ 12ನ್ನು ಕೈಹಿಡಿದು ಒಳಗೆ ಕರ್ಕೊಂಡು ಹೋಗಲಿಕ್ಕೆ ಹೊಟ್ಟೆಯಲ್ಲಿ ಒಬ್ಬ ಆಳು ಇದ್ದಾನೆ. ಒಂದು ಸಲಕ್ಕೆ ಸುಮಾರು 2 ಮೈಕ್ರೋಗ್ರಾಂ ಹೊರುವಷ್ಟರಲ್ಲಿ ಅವನಿಗೇ ಸುಸ್ತು. ಉಳಿದದ್ದರಲ್ಲಿ ನೂರಕ್ಕೆ ಒಂದು ಪಾಲು ಹೇಗೋ ಕಿಟಕಿಯಿಂದ ತೂರಿಕೊಳ್ತದೆ. ಒಟ್ಟು 17 ಅನ್ನು. ನಿಜವಾಗಿ ಕೊರತೆ ಇದ್ದವರಿಗೆ ಆ 17 ಅಮೃತ, ಡಾಕ್ಟರು ಕೊಡೋದೂ ಅದಕ್ಕೇ. ನಿನ್ನ ಸಂಗತಿ ಬೇರೆ. ಮಿಕ್ಕ 1483 ಎಲ್ಲಿಗೆ ಹೋಯಿತು?"

"ಎಲ್ಲಿಗೆ?"

ರಾಘಣ್ಣ ಕಟ್ಟೆಯಿಂದ ಬಗ್ಗಿ ಕೆಳಗೆ ಬೆರಳು ಮಾಡಿದ. ಮಾಳಮಡ್ಡಿಯ ಗಟಾರ ತನ್ನ ಪಾಡಿಗೆ ತಾನು ಹರಿಯುತ್ತಿತ್ತು.

ವಾಸಣ್ಣ ಸ್ವಲ್ಪ ಹೊತ್ತು ಅದನ್ನೇ ನೋಡಿದ. ಆಮೇಲೆ ಸರಿದು ಹತ್ತಿರ ಬಂದು ದನಿ ಇಳಿಸಿದ. "ಒಂದು ಮಾತು. ಗುಳಿಗೆ ಶುರು ಮಾಡಿದಾಗಿನಿಂದ... ಬೆಳಗ್ಗೆ ಹೋದರೆ... ಅರಿಶಿನ ಕಲಸಿದ ಹಾಗೆ."

"ಅದು ಬಿ 2. ಬಂದ ದಾರಿಗೆ ಸುಂಕವಿಲ್ಲ ಅಂತ ಹೊರಡ್ತದೆ, ಹೋಗುವಾಗ ಸಹಿ ಮಾಡಿ ಹೋಗ್ತದೆ. ಹೆದರಬೇಡ. ನಿನಗೆ ಸುಸ್ತಿದ್ದರೂ ನಮ್ಮ ಗಟಾರಕ್ಕೆ ಇಲ್ಲ. ಧಾರವಾಡದಲ್ಲೇ ಇಷ್ಟು ಗಟ್ಟಿಮುಟ್ಟಾದ ಗಟಾರ ಇನ್ನೊಂದಿಲ್ಲ. ಇಲ್ಲಿನ ಸೊಳ್ಳೆ ನೋಡಿದ್ದೀಯಾ? ರಾತ್ರಿಯಿಡೀ ದುಡಿದರೂ ಬೆಳಗ್ಗೆ ಆಕಳಿಸೋದಿಲ್ಲ."

ಅಷ್ಟರಲ್ಲಿ ಮಾಸ್ತರು ಬಂದರು. ಭೂಗೋಳದ ವಾಸನೆ ಬಡಿದರೆ ಅವರು ಸುಮ್ನೆ ಕೂರುವವರಲ್ಲ. "ಬರೀ ಸೊಳ್ಳೆಗೆ ಯಾಕೆ ನಿಲ್ಲಿಸ್ತೀರಿ? ಧಾರವಾಡ ಇರೋದು ನೀರು ಇಬ್ಭಾಗ ಆಗೋ ದಿಣ್ಣೆಯ ಮೇಲೆ. ಈ ಮಗ್ಗುಲಿಗೆ ಬಿದ್ದ ಮಳೆ ಬಂಗಾಳ ಕೊಲ್ಲಿಗೆ, ಆ ಮಗ್ಗುಲಿಗೆ ಬಿದ್ದದ್ದು ಅರಬ್ಬೀ ಸಮುದ್ರಕ್ಕೆ. ಸೋಮೇಶ್ವರದ ಗುಡಿ ಹತ್ತಿರ ಶಾಲ್ಮಲಾ ಹುಟ್ಟುತ್ತಾಳೆ. ಮುಂದೆ ಬೇಡ್ತಿ ಆಗ್ತಾಳೆ, ಮಾಗೋಡಿನಲ್ಲಿ ದುಮುಕುತ್ತಾಳೆ, ಗಂಗಾವಳಿ ಅನ್ನಿಸಿಕೊಂಡು ಅಂಕೋಲೆಯ ಹತ್ತಿರ ಸಮುದ್ರ ಸೇರ್ತಾಳೆ."

"ನಮ್ಮ ಗಟಾರ ಯಾವ ಮಗ್ಗುಲು?"

"ಅದನ್ನ ಸರ್ವೆ ಮಾಡಬೇಕಾಗ್ತದೆ."

"ಅಂಕೋಲೆಯ ಮಗ್ಗುಲು ಅಂತಲೇ ಇಟ್ಟುಕೊಳ್ಳೋಣ" ಎಂದ ರಾಘಣ್ಣ. "ವಾಸಣ್ಣನ ಬಿ 12 ಮಾಗೋಡಿನಲ್ಲಿ ದುಮುಕಿ ಸಮುದ್ರ ಸೇರಿತು. ಅಲ್ಲಿನ ಬಂಗಡೆ ಅದನ್ನ ತಿಂದು ಕೊಬ್ಬಿತು. ಅಂಕೋಲೆಯವರು ಬಂಗಡೆ ತಿಂದು ಗಟ್ಟಿಯಾದರು. ಏಕಾದಶಿಗೆ ನೀರೂ ಮುಟ್ಟದ ವಾಸಣ್ಣ ದಿನಾ ಬೆಳಗ್ಗೆ ಸ್ವಂತ ಖರ್ಚಿನಲ್ಲಿ ಮೀನು ಸಾಕ್ತಾನೆ."

"ಶಿವ ಶಿವಾ" ಎಂದು ವಾಸಣ್ಣ ಡಬ್ಬಿಯ ಮುಚ್ಚಳ ಹಾಕಿದ.

ಇಂದಕ್ಕ ಎದ್ದು ಚಹಾ ತರಲು ಹೋದರು. ಏಳುವಾಗ ಬಾಗಿಲ ಚೌಕಟ್ಟು ಹಿಡಿದುಕೊಂಡು ಒಂದು ಗಳಿಗೆ ನಿಂತರು. ಯಾರೂ ಗಮನಿಸಲಿಲ್ಲ, ಮಾಸ್ತರು ತಮ್ಮ ಜೇಬಿನಿಂದ ಗುಳಿಗೆಯ ಚೀಟು ತೆಗೆಯುತ್ತಿದ್ದರಲ್ಲ.

"ನನ್ನದು ಮಾತ್ರ ಗಟಾರಕ್ಕೆ ಹೋಗೋದಿಲ್ಲಪ್ಪ. ವಿಟಮಿನ್ ಡಿ. 60,000 ಯೂನಿಟ್ಟಿನದು."

"ಹೋಗೋದಿಲ್ಲ, ಅದೇ ತೊಂದರೆ. ಅದು ಕೊಬ್ಬಿನಲ್ಲಿ ಕರಗಿ ಮೈಯಲ್ಲೇ ಬಿಡಾರ ಹೂಡ್ತದೆ. ವಾರಕ್ಕೆ ಒಂದರಂತೆ ಇಷ್ಟೇ ವಾರ ಅಂತ ಡಾಕ್ಟರು ಎಣಿಸಿ ಕೊಡೋದು ಅದಕ್ಕೇ. ನೀವು ಎಷ್ಟು ವಾರದಿಂದ ತಗೋತಿದ್ದೀರಿ?"

ಮಾಸ್ತರು ತೆಂಗಿನಮರ ನೋಡಿದರು.

"ಜಾಸ್ತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರ್ತದೆ. ಏರಿದರೆ ಏನಾಗ್ತದೆ ಗೊತ್ತೇನು? ವಾಕರಿಕೆ, ಮಲಬದ್ಧತೆ, ಮತ್ತೆ..." ರಾಘಣ್ಣ ಒಂದು ಗುಟುಕು ನೀರು ಕುಡಿದ, "ಸುಸ್ತು."

"ಮತ್ತೇನು ಮಾಡಬೇಕು?"

"ಮೊದಲು ಆ ಚೀಟು ಹಿಡಿದು ಡಾಕ್ಟರ ಹತ್ತಿರ ಹೋಗಿ. ಆಮೇಲೆ ಮನೆಯಿಂದ ಹೊರಗೆ ಬನ್ನಿ. ಧಾರವಾಡದಲ್ಲಿ ಮಳೆಗಾಲ ಬಿಟ್ಟರೆ ಬಿಸಿಲಿಗೇನು ಬರವೇ? ನೀವು ಗಾಜಿನ ಕಿಟಕಿ ಹಾಕಿ ಒಳಗೆ ಕೂತು ಮುಖಕ್ಕೆ ಬಿಸಿಲು ಬಿತ್ತು ಅಂತೀರಿ. ಡಿ ಮಾಡೋ ಕಿರಣ ಗಾಜು ದಾಟೋದಿಲ್ಲ. ಪುಕ್ಕಟೆ ಬಿಸಿಲಿಗೆ ಪರದೆ ಎಳೆದು, ಅದನ್ನೇ ಅಂಗಡಿಯಲ್ಲಿ ಚೀಟಿನ ಲೆಕ್ಕದಲ್ಲಿ ಕೊಂಡರೆ ಸೂರ್ಯನಿಗಾದರೂ ಬೇಜಾರಾಗೋದಿಲ್ವಾ?"

ಗುಂಡ್ಯಾ ಬಂದದ್ದು ಒಂಬತ್ತೂವರೆಗೆ, ಕೈಯಲ್ಲಿ ನೀರಿನ ಬಾಟಲಿ. ಒಳಗೆ ಕಿತ್ತಳೆ ಬಣ್ಣದ ಬಿಲ್ಲೆ ಚುರ್ರ್ ಎಂದು ಕುಣಿಯುತ್ತಿತ್ತು.

"ತಿಂಡಿ?" ಎಂದು ಕೇಳಿದ ರಾಘಣ್ಣ.

"ಇದೇ. ಸಪ್ಲಿಮೆಂಟು."

"ಸಪ್ಲಿಮೆಂಟು ಅಂದರೆ ಪುರವಣಿ. ಪೇಪರ್ ಜೊತೆ ಬಂದರೆ ಚೆಂದ. ನೀನು ಪೇಪರೇ ತರಿಸದೆ ಬರೀ ಪುರವಣಿ ಓದ್ತೀಯ." ಬಾಟಲಿಯ ಪಕ್ಕದ ಕೊಳವೆ ಡಬ್ಬಿ ತಿರುಗಿಸಿ, ಚಷ್ಮಾ ಮೇಲೆತ್ತಿ ಓದಿದ. "ನೋಡು, ಇಲ್ಲೇ ಬರೆದಿದ್ದಾರೆ. ಔಷಧಿಯಾಗಿ ಬಳಸಲು ಅಲ್ಲ. ಸರ್ಕಾರದ ಕಾಯ್ದೆ ಪ್ರಕಾರ ಬರೀಲೇಬೇಕು, ಬರೆದಿದ್ದಾರೆ. ಇರುವೆ ಓದಲಿ ಅಂತ ಬರೆದ ಹಾಗಿದೆ."

"ಏನು ಮಾಡಲಿ ರಾಘಣ್ಣ? ದಿನಾ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ಬರಬೇಕು. ನಿಂತೇ ಹೋಗೋದು, ನಿಂತೇ ಬರೋದು."

"ರಾತ್ರಿ?"

"ಒಂದೂವರೆವರೆಗೆ ಫೋನ್ ನೋಡ್ತೀನಿ. ಇಲ್ಲದಿದ್ದರೆ ಬದುಕಿನಲ್ಲಿ ಏನಿದೆ?"

"ಫೋನಿಗೆ ಚಾರ್ಜ್ ಹಾಕ್ತೀಯಲ್ಲ, ಅದರ ಪಕ್ಕ ನೀನೂ ಮಲಗಬಾರದೇ?"

"ಚಾರ್ಜ್ ಹಾಕಿಕೊಂಡೇ ನೋಡ್ತೀನಿ."

"ಅದಕ್ಕೇ ಫೋನು ಗಟ್ಟಿ, ನೀನು ಸುಸ್ತು."

ಗುಂಡ್ಯಾನಿಗೆ ಸಿಟ್ಟು ಬರಲಿಲ್ಲ. ಅವನಿಗೆ ಬೇರೆ ದುಃಖವಿತ್ತು. ಕೂದಲಿಗೆ ಒಳ್ಳೇದು ಅಂತ ಬಯೋಟಿನ್ ಎಂಬ ವಿಟಮಿನ್ ಶುರು ಮಾಡಿದ್ದ. ಸುಸ್ತಿಗೆ ಅಂತ ಥೈರಾಯ್ಡ್ ತೋರಿಸಿದ. ವರದಿಯಲ್ಲಿ ಥೈರಾಯ್ಡ್ ಕುದುರೆಯ ಹಾಗೆ ಓಡುತ್ತಿದೆ ಅಂತ ಬಂತು. ಮನೆಯಲ್ಲಿ ಅಳು, ಹರಕೆ. ಡಾಕ್ಟರು ಏನೇನು ತಗೋತೀಯ ಎಂದು ಕೇಳಿ, ಬಯೋಟಿನ್ ಬಿಡಿಸಿ ಮತ್ತೆ ತೋರಿಸಿದರೆ ಎಲ್ಲ ಸರಿ ಇದೆ. ಬಯೋಟಿನ್ ಜಾಸ್ತಿ ಇದ್ದರೆ ಆ ಪರೀಕ್ಷೆಯೇ ದಾರಿ ತಪ್ಪುತ್ತದಂತೆ.

"ಕೂದಲು?"

"ಅದೂ ಬರಲಿಲ್ಲ."

"ಗಟಾರದಲ್ಲಿ ಇಲಿಯ ಮೀಸೆ ನೋಡಿದೆಯಾ? ಏನು ಹೊಳಪು!"

"ಅದಿರಲಿ. ಬಿ 1, 2, 3 ಇದೆ. 5, 6, 7, 9 ಇದೆ. ಆಮೇಲೆ ಹಾರಿ 12. ನಡುವಿನ 4, 8, 10, 11 ಎಲ್ಲಿ ಹೋದವು?" ಎಂದು ಮಾಸ್ತರು ಕೇಳಿದರು. ತಮ್ಮ ಡಿ ವಿಷಯ ಮರೆಯಾದರೆ ಅವರಿಗೆ ಸಾಕಾಗಿತ್ತು.

"ಮೊದಲು ವಿಟಮಿನ್ ಅಂತ ನಂಬರ್ ಕೊಟ್ಟರು. ಆಮೇಲೆ ಅಲ್ಲ ಅಂತ ಗೊತ್ತಾಗಿ ಕೈಬಿಟ್ಟರು. ಆದರೆ ಈ ಸುದ್ದಿಯಲ್ಲಿ ನನಗೆ ಇಷ್ಟ ಆಗೋದು ಅಡುಗೆಯವನ ಕತೆ."

"ಯಾವ ಅಡುಗೆಯವ?"

"ಜಾವಾ ದ್ವೀಪದವ. 1890ರ ಸುಮಾರಿಗೆ ಅಲ್ಲಿ ಬೆರಿಬೆರಿ ಅಂತ ರೋಗ. ಕಾಲು ಸೋತು ಜನ ನಡೆಯಲಾರರು. ಐಕ್‌ಮನ್ ಅಂತ ಡಚ್ಚರ ಡಾಕ್ಟರ್ ಅದರ ಕ್ರಿಮಿ ಹುಡುಕಲಿಕ್ಕೆ ಕೋಳಿ ಸಾಕಿದ್ದ. ಒಂದಿನ ಕೋಳಿಗಳಿಗೂ ಕಾಲು ಸೋತಿತು. ಪರೀಕ್ಷೆಗೆ ಸೂಜಿ ಚುಚ್ಚಿದ ಕೋಳಿಗೂ ಸೋತಿತು, ಚುಚ್ಚದ ಕೋಳಿಗೂ ಸೋತಿತು. ಕೆಲವು ತಿಂಗಳಿಗೆ ಎಲ್ಲವೂ ತಾವಾಗೇ ಎದ್ದು ಓಡಾಡಿದವು. ಯಾಕೆ ಅಂತ ವಿಚಾರಿಸಿದರೆ, ಮಿಲಿಟರಿ ಆಸ್ಪತ್ರೆಯಲ್ಲಿ ಮಿಕ್ಕಿದ ಬಿಳಿ ಅನ್ನ ಕೋಳಿಗೆ ಹೋಗುತ್ತಿತ್ತು. ಹೊಸ ಅಡುಗೆಯವ ಬಂದ. ಮಿಲಿಟರಿ ಅನ್ನವನ್ನ ಸಿವಿಲಿಯನ್ ಕೋಳಿಗೆ ಯಾಕೆ ಹಾಕಲಿ ಅಂತ ನಿಲ್ಲಿಸಿಬಿಟ್ಟ."

"ಎಲ್ಲಾ ಕಡೆ ಇದ್ದದ್ದೇ" ಎಂದ ವಾಸಣ್ಣ, ಮೂವತ್ತು ವರ್ಷ ಸರ್ಕಾರಿ ಕುರ್ಚಿಯಲ್ಲಿ ಕೂತ ಅನುಭವದಿಂದ.

"ಆಮೇಲೆ ಕೋಳಿಗೆ ಪಾಲಿಶ್ ಇಲ್ಲದ ಅಗ್ಗದ ಅಕ್ಕಿ ಹಾಕಿದರು. ಎದ್ದವು. ಅಕ್ಕಿಯ ಮೇಲಿನ ತೌಡಿನಲ್ಲೇ ಏನೋ ಇದೆ ಅಂತ ಆಗ ಹೊಳೆಯಿತು. 1912ರಲ್ಲಿ ಕಾಸಿಮಿರ್ ಫಂಕ್ ಅಂಥದ್ದಕ್ಕೆಲ್ಲ ವಿಟಮಿನ್ ಅಂತ ಹೆಸರಿಟ್ಟ. 1929ರಲ್ಲಿ ಐಕ್‌ಮನ್‌ಗೆ ನೊಬೆಲ್ ಬಂತು. ಅಡುಗೆಯವನಿಗೆ ಏನೂ ಬರಲಿಲ್ಲ. ಜಗತ್ತಿಗೆ ವಿಟಮಿನ್ ಸಿಕ್ಕಿದ್ದು ಒಬ್ಬನ ಜಿಪುಣತನದಿಂದ, ನಾವು ಅದಕ್ಕೆ ಸುರಿಯೋದು..."

ಕುರುಂ.

ರಾಘಣ್ಣ ನಿಲ್ಲಿಸಿದ. ಇಂದಕ್ಕ ಚಹಾ ಕೊಟ್ಟು ಮತ್ತೆ ಹೊಸ್ತಿಲಲ್ಲಿ ಕೂತಿದ್ದರು. ಬಲಗೈ ಕಲ್ಲು ಆರಿಸುತ್ತಿತ್ತು. ಎಡಗೈ ನಡುನಡುವೆ ಮೊರದಿಂದ ನಾಲ್ಕು ಕಾಳು ಅಕ್ಕಿ ಎತ್ತಿ ಬಾಯಿಗೆ ಹಾಕುತ್ತಿತ್ತು, ಅವರಿಗೇ ಗೊತ್ತಿಲ್ಲದ ಹಾಗೆ.

"ಇಂದಕ್ಕ, ಎಷ್ಟು ದಿನದಿಂದ ಅಕ್ಕಿ ತಿಂತಿದ್ದೀರಿ?"

"ನಾನೇ?" ಅವರು ಕೈ ಸೆರಗಿಗೆ ಒರೆಸಿಕೊಂಡರು. "ಸುಮ್ನೆ. ಬಾಯಿಗೆ ಏನೋ ಬೇಕು ಅನ್ನಿಸ್ತದೆ. ಹೋದ ದೀಪಾವಳಿಯಿಂದ ಇರಬೇಕು."

"ಮೆಟ್ಟಿಲು ಹತ್ತಿದರೆ ದಮ್ಮು ಬರ್ತದಾ?"

"ವಯಸ್ಸಾಯಿತಲ್ಲ."

"ನಲವತ್ತಾರಕ್ಕೆ ಎಂಥ ವಯಸ್ಸು?" ಎಂದ ರಾಘಣ್ಣ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ನಮ್ಮ ಅವ್ವ ಗೋಡೆಯ ಮಣ್ಣು ಕೆರೆದು ತಿಂತಿದ್ದಳು. ಮೊದಲ ಮಳೆಗೆ ಹಿತ್ತಲ ಗೋಡೆ ತೋಯ್ದರೆ ಅದಕ್ಕೆ ಮೂಗು ಹಚ್ಚಿ ನಿಂತುಬಿಡುತ್ತಿದ್ದಳು. ನಾವು ಹುಡುಗರು ನಗುತ್ತಿದ್ದೆವು. ರಕ್ತ ಇಲ್ಲದವರಿಗೆ ಹಾಗೆ ಬಾಯಿ ಕೇಳ್ತದೆ ಅಂತ ನನಗೆ ಗೊತ್ತಾಗುವಷ್ಟರಲ್ಲಿ ಅವಳೂ ಇರಲಿಲ್ಲ, ಗೋಡೆಯೂ ಇರಲಿಲ್ಲ."

ಯಾರೂ ಮಾತಾಡಲಿಲ್ಲ. ಬಾಟಲಿಯ ಬಿಲ್ಲೆ ಕರಗಿ ಸುಮ್ಮನಾಗಿತ್ತು.

"2019ರಿಂದ 21ರವರೆಗೆ ಸರ್ಕಾರ ದೇಶ ತುಂಬ ರಕ್ತ ಪರೀಕ್ಷೆ ಮಾಡಿಸಿತು. 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತ ಕಡಿಮೆ. ನಮ್ಮ ಕಟ್ಟೆಯಲ್ಲಿ ಕೂತ ನಾಲ್ವರು ಆ ಲೆಕ್ಕದಲ್ಲೇ ಇಲ್ಲ, ಗುಳಿಗೆ ಮಾತ್ರ ನಮ್ಮವು. ವಾಸಣ್ಣ, ನಾಳೆ ಆಫೀಸಿಗೆ ರಜೆ ಹಾಕು."

"ನಿವೃತ್ತಿ ಆಗಿ ಎರಡು ವರ್ಷ ಆಯಿತಲ್ಲೋ."

"ಹಾಗಾದರೆ ಇನ್ನೂ ಚಲೋ. ಮಧ್ಯಾಹ್ನದ ನಿದ್ದೆಗೆ ರಜೆ ಹಾಕು."

ಮುಂದಿನ ರವಿವಾರ ಮತ್ತೆ ಅದೇ ಕಟ್ಟೆ. ಇಂದಕ್ಕನ ಹಿಮೋಗ್ಲೋಬಿನ್ 12 ಇರಬೇಕಾದಲ್ಲಿ 7.8 ಇತ್ತಂತೆ. ಡಾಕ್ಟರು ವಾಸಣ್ಣನ ಮುಖ ನೋಡಿ, "ನೀವು ಏನು ಮಾಡ್ತಿದ್ದಿರಿ?" ಎಂದು ಕೇಳಿದರಂತೆ. ವಾಸಣ್ಣ ಡಬ್ಬಿಯ ವಿಷಯ ಹೇಳಲಿಲ್ಲವಂತೆ. ರಕ್ತ ಯಾಕೆ ಹೋಗುತ್ತಿದೆ ಅಂತ ಇನ್ನೂ ಎರಡು ಪರೀಕ್ಷೆ ಬಾಕಿ ಇದ್ದವು. ಸದ್ಯಕ್ಕೆ ಕಬ್ಬಿಣದ ಗುಳಿಗೆ, ಜೊತೆಗೆ ಲಿಂಬೆಹಣ್ಣಿನ ಪಾನಕ.

ಏಳು ಮನೆಯ ಡಬ್ಬಿ ಈಗ ಇಂದಕ್ಕನ ಪಕ್ಕದಲ್ಲಿತ್ತು. ಒಂದೊಂದು ಮನೆಗೆ ಒಂದೇ ಗುಳಿಗೆ.

"ಚಹಾ?" ಎಂದು ಗುಂಡ್ಯಾ ಅಭ್ಯಾಸದಂತೆ ಕೇಳಿದ.

"ಗುಳಿಗೆ ನುಂಗಿ ಇನ್ನೂ ಕಾಲು ತಾಸು ಆಗಿಲ್ಲ. ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತೋದಿಲ್ಲ ಅಂತ ಡಾಕ್ಟರು ಹೇಳಿದ್ದಾರೆ" ಎಂದರು ಇಂದಕ್ಕ, ಕುರ್ಚಿಯಿಂದ ಏಳದೆ.

"ನೀವು ಕುಡೀಬೇಡಿ, ಅಕ್ಕ. ನಾವು ಕುಡೀತೀವಿ."

"ಕುಡೀರಿ. ಬೇಡ ಅಂದವರ್ಯಾರು?"

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ವಾಸಣ್ಣನೇ ಎದ್ದು ಒಳಗೆ ಹೋದ. ಪಾತ್ರೆ ಬಿದ್ದ ಸದ್ದು. ಒಲೆ ಹತ್ತಿದ ಸದ್ದು, ಆರಿದ ಸದ್ದು, ಮತ್ತೆ ಹತ್ತಿದ ಸದ್ದು. ಆಮೇಲೆ ಬಹಳ ಹೊತ್ತು ಏನೂ ಇಲ್ಲ.

"ಇಂದೂ" ಎಂದು ಕೊನೆಗೆ ಒಳಗಿನಿಂದ ಸಣ್ಣ ದನಿ ಬಂತು, "ಸಕ್ಕರೆ ಡಬ್ಬಿ ಯಾವುದು?"

ಇಪ್ಪತ್ನಾಲ್ಕು ವರ್ಷದ ಸಂಸಾರ. ಇಂದಕ್ಕ ಉತ್ತರ ಹೇಳಲಿಲ್ಲ. ಪಾನಕದ ಲೋಟ ಎತ್ತಿ ನಿಧಾನಕ್ಕೆ ಕುಡಿದರು.

ಚಹಾ ಬಂತು. ಮಾಸ್ತರು ಒಂದು ಗುಟುಕು ಕುಡಿದು ಬಾಯಲ್ಲೇ ಇಟ್ಟುಕೊಂಡರು. ಗುಂಡ್ಯಾ ತನ್ನ ಬಾಟಲಿ ಹುಡುಕಿದ. ವಾಸಣ್ಣ ಸಕ್ಕರೆ ಅಂತ ಹಾಕಿದ್ದು ಪುಡಿ ಉಪ್ಪು. ರಾಘಣ್ಣ ಲೋಟ ಹಿಡಿದುಕೊಂಡು, ವಾಸಣ್ಣ ಆ ಕಡೆ ತಿರುಗುವುದನ್ನೇ ಕಾದು, ಕಟ್ಟೆಯ ಅಂಚಿಗೆ ಸರಿದು ಮೆಲ್ಲಗೆ ಕೆಳಗೆ ಬಗ್ಗಿಸಿದ.

"ತಗೋ" ಎಂದ ಗಟಾರಕ್ಕೆ, "ಈ ವಾರ ಇಷ್ಟೇ."