ಕೋಣೆಯೇ ಸ್ಟುಡಿಯೋ ಆದಾಗ: ಧ್ವನಿಮುದ್ರಣ ತಂತ್ರಜ್ಞರಿಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ: ನನಗೆ 23 ವರ್ಷ, ಊರು ತೀರ್ಥಹಳ್ಳಿಯ ಹತ್ತಿರ. ಸಂಗೀತ ಪಾಠಕ್ಕೆ ಹೋದವಳಲ್ಲ. ಗಿಟಾರನ್ನು ಮೊಬೈಲ್ ನೋಡಿಕೊಂಡೇ ಕಲಿತೆ. ಎರಡು ವರ್ಷಗಳಿಂದ ನಾನೇ ಪದ ಕಟ್ಟಿ, ಧಾಟಿ ಹಾಕಿ ಹಾಡುತ್ತಿದ್ದೇನೆ. ಹದಿನಾಲ್ಕು ಹಾಡುಗಳಾಗಿವೆ. ಮುದ್ರಿಸಿ ಕೇಳಿದರೆ ಮಾತ್ರ ದನಿ ಬಾವಿಯೊಳಗಿಂದ ಬಂದಂತಿರುತ್ತದೆ. 15,000 ರೂಪಾಯಿ ಕೂಡಿಟ್ಟಿದ್ದೇನೆ. ಅಷ್ಟನ್ನೂ ಕಂಡೆನ್ಸರ್ ಮೈಕಿಗೆ ಹಾಕಲೇ?

ಉತ್ತರ: ಬೇಡ. ಆ ಬಾವಿ ಇರುವುದು ನಿಮ್ಮ ಕೋಣೆಯಲ್ಲಿ. ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಸದ್ದಿನ ಹಿಂದೆ ಬಾಲ ಕೇಳಿಸಿದರೆ, ಬೋಳು ಗೋಡೆಗಳು ನಿಮ್ಮ ದನಿಯನ್ನು ಮರಳಿ ಮೈಕಿಗೆ ಎಸೆಯುತ್ತಿವೆ ಎಂದರ್ಥ. ಕಂಡೆನ್ಸರ್ ಮೈಕ್ ಬಹಳ ಸೂಕ್ಷ್ಮ. ಅದು ಆ ಬಾಲವನ್ನೂ ಹೆಂಚಿನ ಮೇಲಿನ ಮಳೆಯನ್ನೂ ಇನ್ನಷ್ಟು ನಿಚ್ಚಳವಾಗಿ ಹಿಡಿದುಕೊಡುತ್ತದೆ.

ಹಾಸಿಗೆಯನ್ನು ನಿಮ್ಮ ಬೆನ್ನ ಹಿಂದೆ ನಿಲ್ಲಿಸಿ, ಎರಡೂ ಪಕ್ಕಕ್ಕೆ ದಪ್ಪ ಕಂಬಳಿ ಇಳಿಬಿಡಿ. ಮೈಕಿನ ಹಿಂದೆ ಹೊದಿಕೆ ಕಟ್ಟುವವರೇ ಹೆಚ್ಚು. ಆದರೆ ಹಾಡುವವರ ಮೈಕ್ ಸಾಮಾನ್ಯವಾಗಿ ತನ್ನ ಮುಂದಿನದನ್ನು ಹೆಚ್ಚು ಕೇಳುತ್ತದೆ, ಅದರ ಮುಂದೆ ಇರುವುದು ನೀವು ಮತ್ತು ನಿಮ್ಮ ಬೆನ್ನ ಹಿಂದಿನ ಗೋಡೆ. ಫ್ಯಾನ್ ಆರಿಸಿ. ಮೈಕಿನಿಂದ ಒಂದು ಗೇಣು ದೂರದಲ್ಲಿ, ತುಸು ಓರೆಯಾಗಿ ನಿಂತು ಹಾಡಿ. ಪ, ಫ, ಬ, ಭ ಬಂದಾಗ ಉಸಿರು ಮೈಕಿಗೆ ನೇರವಾಗಿ ಅಪ್ಪಳಿಸಬಾರದು.

ಹಣವನ್ನು ಮೂರು ಪಾಲು ಮಾಡಿ: ಸಾಧಾರಣ ಡೈನಮಿಕ್ ಮೈಕ್ (ಕಂಡೆನ್ಸರಿನಷ್ಟು ಸೂಕ್ಷ್ಮವಲ್ಲದ ಬಗೆ), ಆಡಿಯೋ ಇಂಟರ್‌ಫೇಸ್ (ಮೈಕಿನ ದನಿಯನ್ನು ಕಂಪ್ಯೂಟರಿಗೆ ಒಯ್ಯುವ ಪೆಟ್ಟಿಗೆ), ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್. ಡೈನಮಿಕ್ ಮೈಕಿಗೆ, ಕಂಡೆನ್ಸರಿಗೆ ಸಾಮಾನ್ಯವಾಗಿ ಬೇಕಾಗುವ 48 ವೋಲ್ಟ್ ವಿದ್ಯುತ್ ಕೂಡ ಬೇಡ. ಮುದ್ರಿಸಲು ಆಡಾಸಿಟಿ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಗುಣಮಟ್ಟವನ್ನು 24 ಬಿಟ್‌ಗೆ ಇಟ್ಟು ಮುದ್ರಿಸಿ, ಅತಿ ಜೋರಿನ ಸಾಲು ಕೂಡ ತಂತ್ರಾಂಶದ ಅಳತೆಪಟ್ಟಿಯಲ್ಲಿ ಮೈನಸ್ 10 ಡೆಸಿಬಲ್ ಸುತ್ತ ನಿಲ್ಲಲಿ. ಆ ಪಟ್ಟಿಯಲ್ಲಿ ಸೊನ್ನೆಯೇ ಮೇಲಿನ ಮಿತಿ. ಸೊನ್ನೆ ಮುಟ್ಟಿ ಒಡೆದ ದನಿಯನ್ನು ಮತ್ತೆ ಮೊದಲಿನಂತೆ ಮಾಡುವುದು ಬಹಳ ಕಷ್ಟ.

ಮರುಪ್ರಶ್ನೆ: ಹಾಸಿಗೆ, ಕಂಬಳಿ ಕಟ್ಟಿ ಹಾಡಿದೆ. ಬಾವಿ ಹೋಯಿತು! ಆದರೆ ಈಗ ಪ್ರತಿ ತಪ್ಪೂ ಕೇಳಿಸುತ್ತಿದೆ. ತಂಗಿ ಕೇಳಿ, "ಅಜ್ಜಿಯ ಬಾಳೆ ಎಂದರೇನು?" ಎಂದಳು. ನಾನು ಬರೆದದ್ದು "ಅಜ್ಜಿಯ ಬಳೆ". ಶ್ರುತಿ ತಿದ್ದುವ ತಂತ್ರಾಂಶದಿಂದ ಇದು ಸರಿಯಾಗುತ್ತದೆಯೇ?

ಉತ್ತರ: ಇಲ್ಲ. ಶ್ರುತಿ ತಪ್ಪಿಲ್ಲವಲ್ಲ, ಕಾಲ ತಪ್ಪಿದೆ. ನಿಮ್ಮ ಧಾಟಿ "ಬ" ಅಕ್ಷರದ ಮೇಲೆ ಎಳೆಯುತ್ತಿದೆ, ಹ್ರಸ್ವ ದೀರ್ಘವಾಗಿ ಬಳೆ ಬಾಳೆಯಾಯಿತು. ಕನ್ನಡದಲ್ಲಿ ಈ ಎಳೆತಕ್ಕೆ ಅರ್ಥವೇ ಬದಲಾಗುತ್ತದೆ. ಪರಭಾಷೆಯ ಹಾಡುಗಳನ್ನು ಕೇಳಿ ಗಿಟಾರ್ ಕಲಿತವರಲ್ಲಿ ಇದನ್ನು ನಾನು ಮತ್ತೆ ಮತ್ತೆ ಕಾಣುತ್ತೇನೆ: ಧಾಟಿ ಮೊದಲು ಹುಟ್ಟುತ್ತದೆ, ಪದವನ್ನು ಆಮೇಲೆ ಅದರೊಳಗೆ ತುರುಕಲಾಗುತ್ತದೆ. ಶಾಲೆಯಲ್ಲಿ ಲಘು, ಗುರು ಗುರುತಿಸಿ ಪ್ರಸ್ತಾರ ಹಾಕಿದ್ದು ನೆನಪಿದೆಯೇ? ನಿಮ್ಮ ಸಾಲಿಗೂ ಹಾಕಿ ನೋಡಿ. ಉದ್ದನೆಯ ಸ್ವರವನ್ನು ಗುರುವಿನ ಮೇಲೆ, ಅದೂ ದೀರ್ಘಾಕ್ಷರದ ಮೇಲೆ ಕೂರಿಸಿ. ಇಲ್ಲವೇ ಸಾಲಿನ ಕೊನೆಯ ಅಕ್ಷರವನ್ನು ಎಳೆಯಿರಿ.

ಭಾವಗೀತೆಗಳ ಕ್ಯಾಸೆಟ್ ಕಾಲದಲ್ಲಿ ಬಹುಮಟ್ಟಿಗೆ ಕವಿ ಒಬ್ಬರು, ರಾಗ ಸಂಯೋಜಕರು ಇನ್ನೊಬ್ಬರು, ಹಾಡುವವರು ಮತ್ತೊಬ್ಬರು. ಮಾತು ಕೆಟ್ಟರೆ "ನಿಲ್ಲಿಸಿ" ಎನ್ನಲು ಕೋಣೆಯಲ್ಲಿ ಯಾರಾದರೂ ಇರುತ್ತಿದ್ದರು. ನಿಮ್ಮ ಕೋಣೆಯಲ್ಲಿ ಆ ಮೂವರೂ ನೀವೇ, ಮುದ್ರಿಸುವವರೂ ನೀವೇ. ಹಾಗಾಗಿ ತಂಗಿಯನ್ನು ಬಿಡಬೇಡಿ. ಸಾಹಿತ್ಯದ ಹಾಳೆ ಕೊಡದೆ ಹಾಡು ಕೇಳಿಸಿ, ಅವಳ ಕಿವಿಗೆ ಬಿದ್ದ ಮಾತುಗಳನ್ನು ಅವಳಿಂದಲೇ ಬರೆಸಿ. ಎರಡು ಹಾಳೆಗಳು ಎಲ್ಲಿ ಬೇರೆಯಾಗುತ್ತವೆಯೋ ಅಲ್ಲಿ ಮತ್ತೆ ಹಾಡಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ನನಗೆ ಪದ ಕಟ್ಟಲು ಬಾರದು. ಬೇಂದ್ರೆಯವರ ಕವಿತೆಗೆ ಹೊಸ ಧಾಟಿ ಹಾಕಿ ಯೂಟ್ಯೂಬಿನಲ್ಲಿ ಪ್ರಕಟಿಸಬಹುದೇ?

ಉತ್ತರ: ಮನೆಯಲ್ಲಿ ಮನಸಾರೆ ಹಾಡಿಕೊಳ್ಳಿ, ಪ್ರಕಟಿಸಲು ಮಾತ್ರ ಹಕ್ಕುದಾರರ ಅನುಮತಿ ಬೇಕು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಕವಿ ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಎಂದರೆ 2041 ಮುಗಿಯುವವರೆಗೆ. ಪುರಂದರದಾಸರ ಪದಗಳಿಗೆ ಈ ತಡೆ ಇಲ್ಲ. ಆದರೆ ಈಚಿನ ಸಂಯೋಜಕರೊಬ್ಬರು ಆ ಪದಕ್ಕೆ ಹಾಕಿದ ಧಾಟಿ ಅವರ ಸ್ವತ್ತು. ಧಾಟಿಯನ್ನಾದರೂ ನೀವೇ ಕಟ್ಟಿ.