‘ದೃಷ್ಟಿ’ ಅಂದರೆ ಸರಿಹೋದೀತೇ? ‘ವಲ್ನರಬಲ್’ಗೆ ಏನನ್ನೋಣ?

ಗೆಳೆಯರೇ,

ಎರಡು ಪದಗಳ ನಡುವೆ ಸಿಕ್ಕಿಕೊಂಡಿದ್ದೇನೆ. ಡಬ್ಲಿನ್‌ನಲ್ಲಿರುವ ಅಕ್ಕನ ಮಗಳು ಅಲ್ಲಿಯ ಪದ್ಧತಿಯಲ್ಲಿ ಜಾತಕ ಬರೆಸಿದ್ದಾಳೆ. ಅದನ್ನು ಅಮ್ಮನೂ ಓದಲಿ ಅಂತ ಅವಳಾಸೆ. ಅಕ್ಕನಿಗೆ ಇಂಗ್ಲಿಷ್ ಬಾರದು, ಹಾಗಾಗಿ ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂತು. ಉಳಿದದ್ದೆಲ್ಲ ಸಲೀಸಾಗಿ ಹೋಯಿತು. ಒಂದು ಸಾಲು ಮಾತ್ರ ಮೂರು ದಿನದಿಂದ ಹಾಗೇ ನಿಂತಿದೆ: ಶನಿ ಅಸೆಂಡೆಂಟ್‌ಗೆ ಸ್ಕ್ವೇರ್ (90 ಡಿಗ್ರಿ ಕೋನದಲ್ಲಿ) ಆಗಿದ್ದಾನೆ, ಆದ್ದರಿಂದ ನಾಲ್ಕು ಜನರೆದುರು ಕಾಣಿಸಿಕೊಳ್ಳುವಾಗ ಅವಳು ‘ವಲ್ನರಬಲ್’.

ಅಸೆಂಡೆಂಟ್ ಅಂದರೆ ಲಗ್ನ. ಹುಟ್ಟಿದ ಗಳಿಗೆಯಲ್ಲಿ ಮೂಡಣದಲ್ಲಿ ಏಳುತ್ತಿದ್ದ ರಾಶಿ. ನಮ್ಮಲ್ಲೂ ಇದು ತನುಭಾವ, ಮೈ, ರೂಪ, ಸ್ವಭಾವ ನೋಡುವ ಮನೆ. ಮದುವೆ ಅನ್ನುವ ಅರ್ಥ ಬರದಿರಲಿ ಅಂತ ‘ಜನ್ಮಲಗ್ನ’ ಎಂದು ಬರೆದೆ.

ತೊಡಕು ಇರುವುದು ‘ಆಸ್ಪೆಕ್ಟ್’ನಲ್ಲಿ, ಅಂದರೆ ಸ್ಕ್ವೇರ್‌ನಂಥ ಸಂಬಂಧಗಳಿಗೆಲ್ಲ ಅವರಿಟ್ಟ ಹೆಸರಿನಲ್ಲಿ. ಸಾಮಾನ್ಯವಾಗಿ ಇದಕ್ಕೆ ‘ದೃಷ್ಟಿ’ ಅನ್ನುತ್ತಾರೆ. ಬೇರು ನೋಡಿದರೆ ಸರಿಯೇ, ಆ ಲ್ಯಾಟಿನ್ ಪದವೂ ‘ನೋಡು’ ಅನ್ನುವುದರಿಂದಲೇ ಬಂದದ್ದು. ಆದರೆ ಲೆಕ್ಕ ಬೇರೆ. ಅವರದು ಕೋನ: 60, 90, 120, 180 ಡಿಗ್ರಿ. ನಮ್ಮದು ಜಾತಕದ 12 ಮನೆಗಳ ಎಣಿಕೆ, ಗ್ರಹವಿರುವ ಮನೆಯನ್ನೇ 1 ಅಂತ ಹಿಡಿದು. ಎಲ್ಲ ಗ್ರಹಗಳೂ ತಾವಿರುವಲ್ಲಿಂದ 7ನೇ ಮನೆಯನ್ನು ನೋಡುತ್ತವೆ. ಅದರ ಜೊತೆಗೆ ಕುಜ 4 ಮತ್ತು 8ನ್ನು, ಗುರು 5 ಮತ್ತು 9ನ್ನು, ಶನಿ 3 ಮತ್ತು 10ನ್ನು ನೋಡುತ್ತಾರೆ.

ಇವಳ ಶನಿ ಲಗ್ನದಿಂದ 10ನೇ ಮನೆಯಲ್ಲಿದ್ದಾನೆ. ಅಲ್ಲಿಂದ ಅವನು ನೋಡುವುದು 12, 4 ಮತ್ತು 7ನ್ನು. ಲಗ್ನವನ್ನು ನೋಡುವುದೇ ಇಲ್ಲ! 4ರಲ್ಲಿದ್ದಿದ್ದರೆ ನೋಡುತ್ತಿದ್ದ. ಅವರ ಪದ್ಧತಿಯಲ್ಲಿ ಎರಡೂ ಸ್ಕ್ವೇರೇ. 11ರಲ್ಲಿದ್ದರೆ ಇನ್ನೂ ಸೋಜಿಗ: ಅವರಿಗೆ ಅದು 60 ಡಿಗ್ರಿಯ ಸೌಮ್ಯ ಕೋನ, ನಮಗೆ ಶನಿಯ ಮೂರನೇ ದೃಷ್ಟಿ. ಹಾಗಾಗಿ ‘ಶನಿದೃಷ್ಟಿ’ ಅಂತ ಬರೆದರೆ ತಪ್ಪಾಗುತ್ತದೆ, ಅಕ್ಕನಿಗೆ ಸುಮ್ನೆ ಗಾಬರಿಯೂ ಆಗುತ್ತದೆ. ‘ಕೇಂದ್ರ’ ಅನ್ನೋಣವೆಂದರೆ 1, 4, 7, 10 ನಾಲ್ಕೂ ಕೇಂದ್ರವೇ, ಅದೂ ಬಲದ ಜಾಗ. ಸದ್ಯಕ್ಕೆ ‘ಕಾಲುಸುತ್ತಿನ ಕೋನ’ ಅಂತ ಬರೆದಿಟ್ಟಿದ್ದೇನೆ. ತೃಪ್ತಿಯಿಲ್ಲ.

ಆದರೂ ‘ದೃಷ್ಟಿ’ಯನ್ನು ಬಿಡಲು ಮನಸ್ಸಾಗುತ್ತಿಲ್ಲ. ಕನ್ನಡದಲ್ಲಿ ದೃಷ್ಟಿ ಬರೀ ನೋಟವಲ್ಲ, ತಾಗುವಂಥದ್ದು. ಮಗುವಿನ ಕೆನ್ನೆಗೆ ಕಪ್ಪು ಬೊಟ್ಟು ಇಡುವುದು ಅದಕ್ಕೇ ಅಲ್ವಾ? ಕಾಣಿಸಿಕೊಂಡರೆ ನೋವೂ ಆಗಬಹುದು ಅನ್ನುವ ಮಾತು ಆ ಒಂದು ಪದದೊಳಗೇ ಇದೆ. ಇಂಗ್ಲಿಷಿನ ಸಾಲು ಹೇಳಲು ಹೊರಟದ್ದೂ ಅದನ್ನೇ.

ಇನ್ನು ‘ವಲ್ನರಬಲ್’. ‘ದುರ್ಬಲ’ ಖಂಡಿತ ಅಲ್ಲ. ಲ್ಯಾಟಿನ್ನಿನಲ್ಲಿ ಅದರ ಬೇರಿಗೆ ಗಾಯ ಅಂತ ಅರ್ಥ, ಶಕ್ತಿಯ ಮಾತೇ ಅಲ್ಲಿಲ್ಲ. ‘ಸಂಕೋಚ’, ‘ಅಳುಕು’ ಕೂಡ ಹೊಂದುವುದಿಲ್ಲ. ನಮ್ಮ ಹುಡುಗಿ ವೇದಿಕೆ ಹತ್ತಿ ಗಟ್ಟಿಯಾಗಿ ಹಾಡುತ್ತಾಳೆ. ಆದರೆ ಆಮೇಲೆ ಯಾರೋ ಆಡಿದ ಒಂದು ಮಾತು ತಿಂಗಳುಗಟ್ಟಲೆ ಅವಳಲ್ಲಿ ನಾಟಿಕೊಂಡಿರುತ್ತದೆ. ‘ಸೂಕ್ಷ್ಮ’ ಅಂದರೆ ಅರ್ಧ ಮಾತ್ರ ಬಂದ ಹಾಗೆ. ನೋವಾಗುತ್ತದೆ ಅಂತ ಗೊತ್ತಿದ್ದೂ ಮುಂದೆ ಬಂದು ನಿಲ್ಲುತ್ತಾಳಲ್ಲ, ಅದು ಬಿಟ್ಟುಹೋಗುತ್ತದೆ.

ನನಗೆ ಹೊಳೆದದ್ದು ‘ಒಡ್ಡು’. ಬಿಸಿಲಿಗೆ ಮೈಯೊಡ್ಡುತ್ತೇವೆ, ಗುಂಡಿಗೆ ಎದೆಯೊಡ್ಡುತ್ತಾರೆ, ಬೇಡುವವರು ಸೆರಗೊಡ್ಡುತ್ತಾರೆ. ಮುಂದೆ ಚಾಚುವುದು, ಪೆಟ್ಟಿಗೆ ಸಿಗುವುದು ಎರಡೂ ಇದರಲ್ಲಿವೆ. ‘ಜನರೆದುರು ತನ್ನನ್ನು ಒಡ್ಡಿಕೊಳ್ಳುತ್ತಾಳೆ, ಬೇಗ ನೋಯುತ್ತಾಳೆ’ ಅಂತ ಬರೆದರೆ ಅಕ್ಕನಿಗೆ ಮಗಳ ಮುಖವೇ ಕಾಣುತ್ತದೆ ಅನ್ನಿಸಿತು. ಆದರೆ ಇದು ಒಂದು ಪದವಲ್ಲ, ಪೂರಾ ವಾಕ್ಯ. ‘ಒಡ್ಡಿಕೆ’ ಅಂದರೆ ಕಿವಿಗೆ ಹೇಗಿದೆ?

ಇನ್ನೊಂದು ಪ್ರಶ್ನೆ. ಯಕ್ಷಗಾನದಲ್ಲಿ ವೇಷ ಮೊದಲ ಸಲ ರಂಗಕ್ಕೆ ಬಂದು ತನ್ನನ್ನು ತೋರಿಸಿಕೊಳ್ಳುವುದಕ್ಕೆ ಒಡ್ಡೋಲಗ ಅನ್ನುತ್ತಾರೆ. ಅದರಲ್ಲಿರುವ ‘ಒಡ್ಡು’ ಇದೇನಾ, ಬೇರೆಯಾ? ಬಲ್ಲವರು ದಯವಿಟ್ಟು ಹೇಳಿ.

ಪಂಚಾಂಗ ನೋಡುವ ಮನೆಯವರು ಯಾರಾದರೂ ಇದ್ದರೆ, ದೃಷ್ಟಿಯಿಲ್ಲದ ಬರೀ ಕೋನಕ್ಕೆ ನಿಮ್ಮ ಹಿರಿಯರು ಯಾವ ಮಾತು ಬಳಸುತ್ತಿದ್ದರು? ಧೈರ್ಯವಿದ್ದೂ ಬೇಗ ನೋಯುವವರಿಗೆ ನಿಮ್ಮೂರಲ್ಲಿ ಏನನ್ನುತ್ತಾರೆ? ಒಂದೇ ಪದವಾದರೂ ಸಾಕು. ಭಾನುವಾರ ಅಕ್ಕನ ಮನೆಗೆ ಹೋಗುತ್ತಿದ್ದೇನೆ.